ಗಡಿಯಾಚೆಯ ಕಂಪನಿ ಸ್ವಾಧೀನ: ಹೆಚ್ಚು ಕೊಟ್ಟ ಹಣ ಮರಳುವ ಲೆಕ್ಕ

ಎರಡು ದಿನ ನನ್ನನ್ನು ಕಾಡಿದ ಪ್ರಶ್ನೆ ಇದು: ಮಾರುಕಟ್ಟೆ ಬೆಲೆಗಿಂತ ಹೆಚ್ಚು ತೆತ್ತು ಹೊರದೇಶದ ಕಂಪನಿಯನ್ನು ಕೊಂಡವರಿಗೆ ಆ ಹೆಚ್ಚುವರಿ ಹಣ ಎಲ್ಲಿಂದ ಮರಳುತ್ತದೆ? ಎರಡು ಕಂಪನಿ ಕೂಡಿ ಒಂದಾಗುವುದು ವಿಲೀನ, ಒಂದು ಇನ್ನೊಂದನ್ನು ಕೊಳ್ಳುವುದು ಸ್ವಾಧೀನ.

ಮೂಡಿಗೆರೆಯ ನಮ್ಮ ತೋಟದ ಲೆಕ್ಕಕ್ಕೆ ಇಳಿಸಿದ ಮೇಲೆಯೇ ನನಗೆ ಅರ್ಥವಾದದ್ದು. ಪಕ್ಕದ ಕಾಫಿ ತೋಟ 1 ಕೋಟಿ ಬಾಳುತ್ತದೆ, ನಾವು 1.30 ಕೋಟಿ ಕೊಟ್ಟೆವು ಎಂದಿಟ್ಟುಕೊಳ್ಳಿ. ಆ 30 ಲಕ್ಷವೇ ಪ್ರೀಮಿಯಂ. ಎರಡೂ ತೋಟದ ಹಣ್ಣಿಗೆ ಒಂದೇ ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಬೀಜ ಒಣಗಿಸಲು ಒಂದೇ ಕಣ, ಲೆಕ್ಕ ಬರೆಯಲು ಒಬ್ಬರೇ ರೈಟರ್ ಸಾಕಾಗಿ ವರ್ಷಕ್ಕೆ 3 ಲಕ್ಷ ಉಳಿಯುತ್ತದೆ. ಎರಡು ಒಂದಾದಾಗ ಹುಟ್ಟುವ ಇಂಥ ಲಾಭವೇ ಸಿನರ್ಜಿ. ಹತ್ತು ವರ್ಷಕ್ಕೆ 30 ಲಕ್ಷ, ಲೆಕ್ಕ ಚುಕ್ತಾ ಎಂದು ಬರೆದಿದ್ದೆ. ತಪ್ಪು! ಮುಂದೆ ಬರುವ ಹಣ ಇಂದೇ ಕೈಯಲ್ಲಿರುವ ಹಣದಷ್ಟು ಬಾಳುವುದಿಲ್ಲ, ಇಂದಿನದು ಬಡ್ಡಿ ಗಳಿಸುತ್ತದೆ. ಶೇ 10ರ ಬಡ್ಡಿ ದರದಲ್ಲಿ ಮುಂದಿನ ವರ್ಷ ಕೈಸೇರುವ 3 ಲಕ್ಷದ ಇಂದಿನ ಮೌಲ್ಯ 2.73 ಲಕ್ಷ, ಹತ್ತನೇ ವರ್ಷದ 3 ಲಕ್ಷಕ್ಕೆ ಬರೀ 1.16 ಲಕ್ಷ. ಹತ್ತನ್ನೂ ಕೂಡಿದರೆ 18.43 ಲಕ್ಷ. ಮೊದಲೆರಡು ವರ್ಷ ಉಳಿತಾಯವೇ ಶುರುವಾಗದಿದ್ದರೆ 13.23 ಲಕ್ಷ. ಈ ಕೊನೆಯ ಸಾಲನ್ನು ಎರಡು ಸಲ ಓದಿ.

ಏಕೆಂದರೆ ಗಡಿ ದಾಟಿದ ಸ್ವಾಧೀನಗಳನ್ನು ಕೆಡಿಸುವುದು ಬಹುಪಾಲು ಈ ತಡವೇ. ಎರಡು ದೇಶಗಳ ಕಾರ್ಮಿಕ ಕಾನೂನು, ಸಂಬಳದ ಪದ್ಧತಿ, ತೀರ್ಮಾನ ಕೈಗೊಳ್ಳುವ ರೂಢಿ ಬೇಗ ಹೊಂದುವುದಿಲ್ಲ. ಜರ್ಮನಿಯ ಕಾರು ಕಂಪನಿ ಡೈಮ್ಲರ್ 1998ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ಕೂಡಿತು. 2007ರಲ್ಲಿ ಕ್ರೈಸ್ಲರ್‌ನ ಬಹುಪಾಲನ್ನು ಮಾರಿ ಹೊರಬಂತು.

ಇನ್ನೊಂದು ಅಪಾಯ ಹರಾಜಿನ ಬಿಸಿ. ಬ್ರಿಟನ್-ನೆದರ್ಲೆಂಡ್ಸ್‌ನ ಕೋರಸ್ ಉಕ್ಕು ಕಂಪನಿಗೆ ಟಾಟಾ ಸ್ಟೀಲ್ ಮೊದಲು ಹೇಳಿದ್ದು ಷೇರಿಗೆ 455 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್). ಬ್ರೆಜಿಲ್‌ನ ಉಕ್ಕು ಕಂಪನಿ ಸಿಎಸ್‌ಎನ್ ಪೈಪೋಟಿಗೆ ಇಳಿದ ಮೇಲೆ 2007ರಲ್ಲಿ ಅದು 608ಕ್ಕೆ ಮುಟ್ಟಿತು. ಕುಲುಮೆಗಳು ಅವೇ, ಬೆಳೆದದ್ದು ಪ್ರೀಮಿಯಂ ಮಾತ್ರ. ಮರುವರ್ಷವೇ ಜಾಗತಿಕ ಆರ್ಥಿಕ ಕುಸಿತ ಬಂತು.

ಬ್ರಿಟನ್ನಿನ ಚಹಾ ಕಂಪನಿ ಟೆಟ್ಲಿಯದು ಬೇರೆ ಕಥೆ, ನನಗೆ ಬಹಳ ಇಷ್ಟವಾದದ್ದು. 2000ದಲ್ಲಿ ಟಾಟಾ ಟೀ ತನಗಿಂತ ದೊಡ್ಡದಾದ ಆ ಕಂಪನಿಯನ್ನು 27.1 ಕೋಟಿ ಪೌಂಡ್‌ಗೆ ಕೊಂಡಿತು, ಹೆಚ್ಚಿನ ಪಾಲು ಸಾಲದಿಂದ. ಆ ಸಾಲ ತೀರಬೇಕಾದದ್ದು ಟೆಟ್ಲಿಯ ಗಳಿಕೆಯಿಂದಲೇ. ಸಾಲವೂ ಗಳಿಕೆಯೂ ಹೊರನಾಡಿನಲ್ಲೇ ಇದ್ದುದರಿಂದ ರೂಪಾಯಿ ಇಳಿದರೂ ಕಂತಿನ ಭಾರ ಅಷ್ಟಾಗಿ ಏರುವುದಿಲ್ಲ.

ಅಭ್ಯಾಸಕ್ಕೆ: ನಮ್ಮ ಜಿಲ್ಲೆಯಲ್ಲೂ ತೋಟಗಳಿದ್ದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಏಯ್ಟ್ ಓ ಕ್ಲಾಕ್ ಕಾಫಿ ಬ್ರಾಂಡನ್ನು 22 ಕೋಟಿ ಡಾಲರ್‌ಗೆ ಕೊಂಡಿತು. ಬೀಜ ಬೆಳೆಯುವವರು ಅಂಗಡಿಯ ಕಪಾಟನ್ನು ಕೊಂಡಾಗ, ಪಲ್ಪರ್ ಹಂಚಿಕೊಂಡಂಥ ಉಳಿತಾಯ ಅಲ್ಲಿ ಯಾವುದು?