ಮೊಹರು ನಂಬುವ ಮೊದಲು ಲೋಹ ನೋಡಿ

ಕಳೆದ ವರ್ಷ ಹಲಸೂರಿನ ಕಡೆಯ ಒಂದು ಮನೆಯವರು ಹಳೇ ಕುಂಕುಮದ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಹತ್ತಿ. ಹತ್ತಿಯ ಮೇಲೆ ಒಂದು ದುಂಡನೆಯ ಬಿಲ್ಲೆ. ಅಜ್ಜ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಇಂಜಿನಿಯರ್ ಪಡೆಯಲ್ಲಿದ್ದವರು. ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಬಂದವರು. ಅವರ ಟ್ರಂಕಿನಲ್ಲಿ ಸಿಕ್ಕಿದ ಬಿಲ್ಲೆ ಇದು. ನಡುವೆ ಸ್ವಸ್ತಿಕ ಕಂಡು ಅಜ್ಜಿ ಇದನ್ನು ದೇವರ ಮನೆಯಲ್ಲಿಟ್ಟಿದ್ದರಂತೆ. ಬದುಕಿರುವ ತನಕ ಹಬ್ಬಹಬ್ಬಕ್ಕೂ ದೀಪದ ಕಂಬಗಳ ಜೊತೆ ಇದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಂತೆ.

ಅದು ನಮ್ಮ ಸ್ವಸ್ತಿಕ ಅಲ್ಲ. 45 ಡಿಗ್ರಿ ಓರೆಯಾಗಿ ನಿಂತಿದೆ. ಸುತ್ತಲೂ ಕೆಂಪು ಪಟ್ಟಿ, ಅದರ ಮೇಲೆ ಪಕ್ಷದ ಹೆಸರು ಜರ್ಮನ್‌ನಲ್ಲಿದೆ. ಹಿಟ್ಲರನ ನಾಜಿ ಪಕ್ಷದ ಸದಸ್ಯರು ಕೋಟಿನ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆ. ಇದನ್ನು ಹೇಳಿದಾಗ ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಸರ್, ಇದು ಅಸಲಿನಾ? ಎಲ್ಲಿ ಮಾಡಿದ್ದು ಅಂತ ಗೊತ್ತಾಗುತ್ತಾ?”

ಗೊತ್ತಾಗುತ್ತದೆ. ಆದರೆ ಎಲ್ಲರೂ ಮೊದಲು ನೋಡುವ ಜಾಗದಿಂದ ಅಲ್ಲ.

ಎಲ್ಲರೂ ಮೊದಲು ನೋಡುವುದು ಬೆನ್ನಿನ ಮೊಹರು. ಈ ಬಿಲ್ಲೆಯ ಹಿಂದೆ ಒಂದು ಪುಟ್ಟ ವೃತ್ತ, ಅದರೊಳಗೆ ಆರ್‌ಝಡ್‌ಎಂ ಎಂಬ ಮೂರು ಅಕ್ಷರ, ಜೊತೆಗೆ ಎಂ1/52 ಅಂತ ಇತ್ತು. ಆರ್‌ಝಡ್‌ಎಂ ಅಂದರೆ ಮ್ಯೂನಿಕ್‌ನಲ್ಲಿದ್ದ ಪಕ್ಷದ್ದೇ ಕಚೇರಿ. ಸಮವಸ್ತ್ರ, ಬಕಲ್, ಬಿಲ್ಲೆ ಯಾರು ಮಾಡಬಹುದು, ಹೇಗೆ ಮಾಡಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಅದು. 1934ರ ಡಿಸೆಂಬರ್ 20ರ ಕಾನೂನು ಬಂದ ಮೇಲೆ ಪರವಾನಗಿ ಇಲ್ಲದೆ ಇಂಥ ವಸ್ತು ಮಾಡುವುದು, ಮಾರುವುದು ಶಿಕ್ಷೆಗೆ ಗುರಿಯಾಗುವ ಅಪರಾಧವಾಯಿತು. ಪರವಾನಗಿ ಸಿಕ್ಕ ಪ್ರತಿ ಕಾರ್ಖಾನೆಗೂ ಒಂದೊಂದು ನಂಬರ್. ‘ಎಂ’ ಅಂದರೆ ಲೋಹದ ವಸ್ತು. 1 ಅಂದರೆ ಬಿಲ್ಲೆಗಳ ಗುಂಪು. ಬಕಲ್‌ಗೆ 4, ಕಠಾರಿಗೆ 7. ಕೊನೆಯ 52 ಮ್ಯೂನಿಕ್‌ನ ಡೆಶ್ಲರ್ ಆಂಡ್ ಸೋನ್ ಎಂಬ ಕಾರ್ಖಾನೆಯದು.

ಇಷ್ಟು ಗೊತ್ತಿದ್ದರೇ ಎಷ್ಟೋ ನಕಲಿಗಳು ಬಾಗಿಲಲ್ಲೇ ಸಿಕ್ಕಿಬೀಳುತ್ತವೆ. ಬಿಲ್ಲೆಯ ಬೆನ್ನಿಗೆ ಎಂ7 ಅಂತ ಒತ್ತಿದ್ದರೆ, ಅದು ಕಠಾರಿಯ ಗುರುತು ನೋಡಿ ಕದ್ದವರ ಕೆಲಸ. “1923ರ ಬಿಲ್ಲೆ” ಅಂತ ಮಾರುವವರು ಅದರ ಮೇಲೆ ಆರ್‌ಝಡ್‌ಎಂ ನಂಬರ್ ತೋರಿಸಿದರೂ ಅಷ್ಟೇ. ಆ ನಂಬರ್ ಪದ್ಧತಿ ಬಂದದ್ದೇ ಮೂವತ್ತರ ದಶಕದ ನಡುವೆ. ಅದಕ್ಕೂ ಹಿಂದಿನವುಗಳ ಮೇಲೆ ಕಾರ್ಖಾನೆಯ ಹೆಸರು ಇರಬಹುದು, ಅಥವಾ ‘ಗೆಸ್. ಗೆಶ್.’ ಅಂತ ಮಾತ್ರ ಇರಬಹುದು. ಈ ‘ಗೆಸ್. ಗೆಶ್.’ ಅನ್ನು ಕಂಪನಿಯ ಹೆಸರು ಅಂದುಕೊಂಡು ನನ್ನ ಹತ್ತಿರ ಬಂದವರು ತುಂಬ ಜನ. ಅದು ಹೆಸರಲ್ಲ. ‘ಕಾನೂನಿನ ರಕ್ಷಣೆ ಇದೆ’ ಅನ್ನೋ ಜರ್ಮನ್ ಮಾತಿನ ಸಂಕ್ಷೇಪ, ಅಷ್ಟೇ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಒಂದೇ ಕಾರ್ಖಾನೆಗೆ ಮೂರು ನಂಬರ್ ಇರಬಹುದು. ಡೆಶ್ಲರ್‌ನನ್ನೇ ತೆಗೆದುಕೊಳ್ಳಿ. ಪಕ್ಷದ ಬಿಲ್ಲೆಗಳಿಗೆ ಎಂ1/52. ಪದಕಗಳನ್ನು ಅಂಗಡಿಯಲ್ಲಿ ಮಾರುವುದಕ್ಕೆ ಪದಕ ತಯಾರಕರ ಸಂಘ ಕೊಟ್ಟದ್ದು ಎಲ್/10. ಸರ್ಕಾರವೇ ಯೋಧರಿಗೆ ಕೊಡುವ ಪದಕಗಳಿಗೆ ಬರೀ 1. ಮೂರೂ ಬೇರೆ ಬೇರೆ ಖಾತೆಗಳು. ಪದಕದ ಖಾತೆಯ ನಂಬರ್ ಪಕ್ಷದ ಬಿಲ್ಲೆಯ ಮೇಲೆ ಬಂದು ಕೂತಿದ್ದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ.

ಆದರೂ ಮೊಹರು ಸರಿಯಾಗಿದೆ ಅಂದಮಾತ್ರಕ್ಕೆ ವಸ್ತು ಅಸಲಿ ಅಲ್ಲ. ನಂಬರ್‌ಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ. ನಕಲಿ ಮಾಡುವವರೂ ಅದನ್ನು ಓದಿಯೇ ಮಾಡುತ್ತಾರೆ. ಅದಕ್ಕೇ ನಾನು ಮೊದಲು ಲೋಹ ನೋಡುತ್ತೇನೆ, ಆಮೇಲೆ ಬಣ್ಣ, ಆಮೇಲೆ ಸೂಜಿ ಮತ್ತು ಬೆಸುಗೆ. ಮೊಹರು ಕೊನೆಗೆ. ಮೊದಲ ಮೂರೂ ಹೇಳಿದ ಮಾತಿಗೆ ಮೊಹರು ಹೌದು ಅನ್ನಬೇಕು.

ಕುಂಕುಮದ ಡಬ್ಬಿಯ ಬಿಲ್ಲೆಯ ಲೋಹವನ್ನು ಅಜ್ಜಿಯ ಹುಣಸೆಹಣ್ಣೇ ಹೇಳಿಬಿಟ್ಟಿತ್ತು. ಎಷ್ಟೋ ವರ್ಷ ತಿಕ್ಕಿದ ಬೆನ್ನು ಕೆಂಪು ಬೆರೆತ ಹಳದಿಗೆ ತಿರುಗಿತ್ತು. ಅಂದರೆ ತಾಮ್ರ ಜಾಸ್ತಿ ಇರುವ ಹಿತ್ತಾಳೆ. ಜರ್ಮನ್ನರು ಟೋಂಬಾಕ್ ಅನ್ನುತ್ತಾರೆ. ಸತು ಆಗಿದ್ದರೆ ಹುಳಿ ಅದನ್ನು ತಿಂದು, ಮೈ ಎಲ್ಲಾ ಗುಳಿಗುಳಿಯಾಗಿರುತ್ತಿತ್ತು.

ಸತುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು. ಅಸಲಿ ಎನಾಮಲ್ ಅಂದರೆ ಗಾಜು. ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ. ನಮ್ಮ ಮೀನಾಕಾರಿ ಕೆಲಸವೂ ಇದೇ ತಾನೇ. ಸತು 420 ಡಿಗ್ರಿ ಮುಟ್ಟುವ ಮೊದಲೇ ಕರಗಿ ನೀರಾಗುತ್ತದೆ. ಹಾಗಾಗಿ ಸತುವಿನ ಮೇಲೆ ಒಲೆಯಲ್ಲಿ ಬೇಯಿಸಿದ ಎನಾಮಲ್ ಕೂರುವುದು ಸಾಧ್ಯವೇ ಇಲ್ಲ. ಯುದ್ಧದಲ್ಲಿ ತಾಮ್ರ ಶೆಲ್ಲುಗಳಿಗೆ ಬೇಕಾದಾಗ ಬಿಲ್ಲೆಗಳನ್ನು ಸತುವಿನಲ್ಲಿ ಮಾಡಿದರು. ಅವುಗಳಿಗೆ ಹಾಕಿದ್ದು ಬರೀ ಪೇಂಟ್. ಸತುವಿನ ಮೈ, ಮೇಲೆ ಗಾಜಿನಂತೆ ಹೊಳೆಯುವ ದಪ್ಪ ಬಣ್ಣ ಎರಡೂ ಒಟ್ಟಿಗೆ ಕಂಡರೆ ಅದು ಇವತ್ತಿನ ರೆಸಿನ್, ಅಂದರೆ ಪ್ಲಾಸ್ಟಿಕ್‌ನಂಥ ಅಂಟು.

ಗಾಜನ್ನು ಗುರುತಿಸುವುದು ಕಷ್ಟವಲ್ಲ. ಹಲ್ಲಿಗೆ ಮೆಲ್ಲಗೆ ತಾಗಿಸಿದರೆ ತಣ್ಣಗೆ, ಟಕ್ ಅನ್ನುತ್ತದೆ. ರೆಸಿನ್ ಮಂಕಾಗಿ ತಾಗುತ್ತದೆ. ಗಾಜು ಚಕ್ಕೆ ಎದ್ದರೆ ಒಡೆದ ಜಾಗ ಚಿಪ್ಪಿನ ಒಳಮೈಯಂತೆ ಅಲೆಅಲೆಯಾಗಿ ಹೊಳೆಯುತ್ತದೆ. ಈ ಬಿಲ್ಲೆಯ ಕೆಂಪು ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿತ್ತು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದಾಗ ಅದೇ ಚಿಪ್ಪಿನ ಹೊಳಪು. ಅಕ್ಷರಗಳ ಅಂಚು ಅಚ್ಚಿನಲ್ಲಿ ಒತ್ತಿದಂತೆ ಚೂಪಾಗಿತ್ತು. ಎರಕ ಹೊಯ್ದದ್ದಾದರೆ ಅಂಚು ಸೋಪು ಕರಗಿದಂತೆ ದುಂಡಗಾಗುತ್ತದೆ, ಲೋಹದಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಇಷ್ಟಾದ ಮೇಲೆ ಎಂ1/52 ಓದಿದೆ. ಎಲ್ಲವೂ ಒಂದೇ ಮಾತು ಹೇಳಿದವು. ಅಸಲಿ.

ಅದೇ ತಿಂಗಳು ಒಬ್ಬ ಹುಡುಗ ಆನ್‌ಲೈನ್‌ನಲ್ಲಿ ಕೊಂಡ ‘ಚಿನ್ನದ ಪಕ್ಷ ಬಿಲ್ಲೆ’ ತಂದ. ಬಿಲ್ಲೆಗೆ ಅವನು ಕೊಟ್ಟ ದುಡ್ಡು ಕೇಳಿ ನನಗೆ ಸಂಕಟವಾಯಿತು. ಸಾಮಾನ್ಯ ಬಿಲ್ಲೆಗಳು ಅಪರೂಪವೇನಲ್ಲ. ಯುದ್ಧದ ಕೊನೆಗೆ ಪಕ್ಷದಲ್ಲಿ ಸುಮಾರು 85 ಲಕ್ಷ ಸದಸ್ಯರಿದ್ದರು. ಆದರೆ ಸುತ್ತ ಚಿನ್ನದ ಎಲೆಯ ಹಾರ ಇರುವ ಈ ಬಿಲ್ಲೆ 1933ರಿಂದ ಕೊಟ್ಟದ್ದು ಮುಖ್ಯವಾಗಿ ಹಳೇ ಸದಸ್ಯರಿಗೆ. ಸದಸ್ಯತ್ವ ನಡುವೆ ಬಿಟ್ಟಿರಬಾರದು, ನಂಬರ್ ಒಂದು ಲಕ್ಷದ ಒಳಗಿರಬೇಕು. ಆ ನಂಬರನ್ನು ಬೆನ್ನಿಗೆ ಹಾಕುತ್ತಿದ್ದರು. ನಕಲಿ ಮಾಡುವವರ ಕಣ್ಣು ಇದರ ಮೇಲೆಯೇ.

ಹುಡುಗನ ಬಿಲ್ಲೆಯ ಬೆನ್ನಿಗೆ ಎಲ್/10 ಇತ್ತು. ಮೇಲೆ ಹೇಳಿದೆನಲ್ಲ, ಅದು ಪದಕದ ಖಾತೆ. ಅದಕ್ಕೂ ಮುಖ್ಯವಾದದ್ದು ಸದಸ್ಯನ ನಂಬರ್. ಅಸಲಿಯಲ್ಲಿ ಬಿಲ್ಲೆ ತಯಾರಾದ ಮೇಲೆ ಒಬ್ಬೊಬ್ಬರ ನಂಬರ್ ಬೇರೆಯಾಗಿ ಹಾಕುತ್ತಿದ್ದರು. ಅಂಕೆ ಲೋಹವನ್ನು ಕುಯ್ದು ಕೂತಿರುತ್ತದೆ. ಇಲ್ಲಿ ಅಂಕೆ, ಮೊಹರು, ಮೈ ಮೂರೂ ಒಂದೇ ಎರಕದಲ್ಲಿ ಬಂದಿದ್ದವು. ಅಂಕೆಯ ಗುಳಿಯೊಳಗೂ ಅದೇ ಗಿಲೀಟು, ಅದೇ ಗುಳ್ಳೆ. ಹುಡುಗ ತುಂಬ ಹೊತ್ತು ಲೂಪ್ ಹಿಡಿದು ನೋಡುತ್ತಲೇ ಇದ್ದ.

ಆ ನಂಬರ್ ಯಾಕೆ ಅಷ್ಟು ಮುಖ್ಯ ಅಂದರೆ, ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಯುದ್ಧ ಮುಗಿಯುವಾಗ ಪಕ್ಷ ತನ್ನ ಸದಸ್ಯರ ಕಾರ್ಡುಗಳನ್ನು ನಾಶ ಮಾಡಿಸಲು ಮ್ಯೂನಿಕ್ ಹತ್ತಿರದ ಒಂದು ಕಾಗದದ ಮಿಲ್ಲಿಗೆ ಕಳಿಸಿತು. ಮಿಲ್ಲು ನಡೆಸುತ್ತಿದ್ದ ಹಾನ್ಸ್ ಹೂಬರ್ ಅವನ್ನು ಅರೆಯಲಿಲ್ಲ, ಉಳಿಸಿಕೊಂಡರು. ಕಾರ್ಡುಗಳು ಅಮೆರಿಕನ್ನರ ಕೈಸೇರಿ, 1994ರಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಬಂದವು. ಅಸಲಿ ನಂಬರ್ ಇದ್ದರೆ ಇವತ್ತಿಗೂ ಅದು ಯಾರದು ಅಂತ ಹುಡುಕಬಹುದು. ನನಗೆ ಈ ಕೆಲಸದಲ್ಲಿ ಬೆಲೆ ಇರುವುದು ಇಲ್ಲೇ. ಯಾರು ಏನಾಗಿದ್ದರು ಅನ್ನುವುದಕ್ಕೆ ಇವು ಸಾಕ್ಷಿ. ನಕಲಿ ಸೇರಿದಷ್ಟೂ ಸಾಕ್ಷಿ ಕೆಡುತ್ತದೆ. ಇದನ್ನು ಹೆಮ್ಮೆಯಿಂದ ಎದೆಗೆ ಸಿಕ್ಕಿಸಿಕೊಳ್ಳಲು ಬರುವವರಿಗೆ ನಾನು ಪರೀಕ್ಷೆ ಮಾಡಿಕೊಡುವುದಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದು ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾಲಿಶ್ ಏನೂ ಬೇಡ. ಈ ಬಿಲ್ಲೆಯ ಮೊಹರಿನಲ್ಲಿ 5ರ ಹೊಟ್ಟೆ ಸವೆದು ಬರೀ ನೆರಳಾಗಿತ್ತು. ಇನ್ನು ಹತ್ತು ಹಬ್ಬ ಕಳೆದಿದ್ದರೆ ಅದೂ ಇರುತ್ತಿರಲಿಲ್ಲ.

ಮೊಮ್ಮಗಳು ಬಿಲ್ಲೆಯನ್ನು ದೇವರ ಮನೆಗೆ ಮತ್ತೆ ಒಯ್ಯಲಿಲ್ಲ. ಅಜ್ಜನ ಪೇ ಬುಕ್ ಮತ್ತು ಪದಕಗಳ ಜೊತೆ ಇಡುತ್ತೇನೆ, ಒಂದು ಚೀಟಿ ಬರೆದುಕೊಡಿ ಅಂದರು. ಬರೆದುಕೊಟ್ಟೆ: “ನಾಜಿ ಪಕ್ಷದ ಸದಸ್ಯರ ಬಿಲ್ಲೆ. ಟೋಂಬಾಕ್, ಎನಾಮಲ್. ಮ್ಯೂನಿಕ್‌ನ ಡೆಶ್ಲರ್ ಕಾರ್ಖಾನೆ. ಇಟಲಿಗೆ ಹೋಗಿದ್ದ ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು. ಸದಸ್ಯನ ನಂಬರ್ ಇಲ್ಲ. ತೊಟ್ಟವರು ಯಾರೋ ತಿಳಿಯದು.”