ಅಮೆರಿಕದ ಉದ್ಯೋಗ ವೀಸಾ ಎಚ್‌-1ಬಿ ವಿಸ್ತರಣೆಗೆ ಅರ್ಜಿ ಹಾಕಿ, ಉತ್ತರ ಬರುವ ಮೊದಲೇ ಊರಿಗೆ ಬಂದು ಹೋಗಬಹುದೇ?

ಪ್ರಶ್ನೆ: ನಮ್ಮೂರು ಬೀದರ ಜಿಲ್ಲಾದಾಗ ಭಾಲ್ಕಿ ಹತ್ರ. ಡಲ್ಲಾಸದಾಗ ಒಂದು ಕನ್ಸಲ್ಟಿಂಗ್ ಕಂಪನಿ ಕಡಿಂದ ಬ್ಯಾಂಕಿನ ಪ್ರಾಜೆಕ್ಟ್ ಮ್ಯಾಲ ಕೆಲಸ ಮಾಡ್ಲಾಕತ್ತೀನಿ. ಮೊದಲ ಮೂರು ವರ್ಷ ಈ ಜೂನ್ 30ಕ್ಕ ಮುಗೀತಾವ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಭೀ ಅದೇ ದಿನದ ತನಕ ಅದ. ಮೇ ತಿಂಗಳದಾಗ ತಂಗಿ ಮದಿವಿ. ಕಂಪನಿಯವರು "ಏಪ್ರಿಲ್‌ದಾಗ ಅರ್ಜಿ ಹಾಕ್ತೀವಿ, ನೀವು ಆರಾಮ ಹೋಗಿ ಬರ್ರಿ" ಅಂತಾರ. ಹೋಗಬಹುದೇನ್ರಿ?

ಉತ್ತರ: ಹೋಗಬಹುದು, ಆದರೆ ಮಂಜೂರಾತಿ ಕೈಗೆ ಬಂದ ಮೇಲೆ. ಅದಕ್ಕೆ ಏಪ್ರಿಲ್ ತಡವಾಯಿತು. ಹಾಲಿ ಅವಧಿ ಮುಗಿಯುವ ಆರು ತಿಂಗಳ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಲು ಅವಕಾಶವಿದೆ. ನಿಮ್ಮ ಲೆಕ್ಕದಲ್ಲಿ ಅದು ಜನವರಿ ಆರಂಭ.

ನಿಮಗೆ ಒಂದು ಅನುಕೂಲವಿದೆ, ಅದನ್ನು ಕಳೆದುಕೊಳ್ಳಬೇಡಿ. ಅಮೆರಿಕದ ಒಳಗೆ ಕುಳಿತು ವಿಸ್ತರಿಸುವುದು ವಾಸದ ಅವಧಿಯನ್ನು, ಅಂದರೆ ಐ-94 ದಾಖಲೆಯನ್ನು. ಪಾಸ್‌ಪೋರ್ಟಿನ ಸ್ಟಾಂಪ್ ಗಡಿಯಲ್ಲಿ ಒಳಗೆ ಬರಲಿಕ್ಕೆ ಮಾತ್ರ. ಹೊಸ ಐ-797 ಮಂಜೂರಾತಿ ಪತ್ರ ಹಿಡಿದು, ಹಳೆಯ ಸ್ಟಾಂಪ್ ಇನ್ನೂ ಜೀವಂತ ಇರುವಾಗಲೇ, ಅಂದರೆ ಜೂನ್ 30ರೊಳಗೆ ಮರಳಿದರೆ ಭಾರತದಲ್ಲಿ ಸ್ಟಾಂಪಿಂಗ್‌ಗೆ ಹೋಗುವ ಅಗತ್ಯವೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಹೊಸ ಅವಧಿಯವರೆಗೆ ಐ-94 ಕೊಡುತ್ತಾರೆ.

ಆ ದಿನ ದಾಟಿದರೆ ಕಥೆ ಬೇರೆ, ಹೊಸ ಸ್ಟಾಂಪ್ ಬೇಕು. 2025ರ ಸೆಪ್ಟೆಂಬರ್ 2ರಿಂದ ಎಚ್‌-1ಬಿಯವರಿಗೆ ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್ ಸೌಲಭ್ಯ ಇಲ್ಲವಾಯಿತು. ಡಿಸೆಂಬರ್ 15ರಿಂದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ನೋಡುತ್ತಾರೆ. ಖಾತೆ ಎಲ್ಲರಿಗೂ ಕಾಣುವಂತೆ ಇಡಬೇಕು. ಈ ಪರಿಶೀಲನೆ ಶುರುವಾದಾಗ ಭಾರತದಲ್ಲಿ ಸ್ಲಾಟ್ ಸಿಕ್ಕಿದ್ದ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದೆ ಹೋಯಿತು. ಬೀದರ್, ಕಲಬುರಗಿಯವರಿಗೆ ಹೈದರಾಬಾದ್‌ನ ಅಮೆರಿಕ ಕಾನ್ಸುಲೇಟ್ ಹತ್ತಿರ, ಹೋಗಿಬರುವುದು ಸುಲಭ ನಿಜ. ಆದರೆ ಸ್ಲಾಟ್ ಸಿಗದಿದ್ದರೆ ಹತ್ತಿರವಿದ್ದು ಏನು ಫಾಯಿದೆ?

ಉತ್ತರ ಬರುವ ಮೊದಲೇ ಹೊರಟರೆ ಅರ್ಜಿಯೇನೂ ತಾನಾಗಿ ರದ್ದಾಗುವುದಿಲ್ಲ. ಮೇ ತಿಂಗಳಲ್ಲಿ ಹಳೆಯ ಪತ್ರದ ಮೇಲೆಯೇ ಮರಳಲೂಬಹುದು. ಆದರೆ ಆಗ ಗಡಿಯಲ್ಲಿ ಸಿಗುವುದು ಹಳೆಯ ಅವಧಿಯ ಐ-94. ಅರ್ಜಿಯಲ್ಲಿರುವುದು ಹೋಗುವ ಮೊದಲಿನ ಐ-94. ವಾಸದ ವಿಸ್ತರಣೆಯ ಭಾಗಕ್ಕೆ ಇದರಿಂದ ತೊಡಕಾಗಬಹುದು. ಮುಖ್ಯವಾಗಿ, ಹೊರಗಿದ್ದಾಗ ಅರ್ಜಿ ತಿರಸ್ಕೃತವಾದರೆ ಕಷ್ಟ. ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ 2025ರ ಸೆಪ್ಟೆಂಬರ್‌ನ ಆದೇಶ ದೇಶದೊಳಗಿದ್ದು ವಿಸ್ತರಣೆ ಪಡೆದವರಿಗೆ ತಾಗುವುದಿಲ್ಲ ಎಂದು ಈ ಅರ್ಜಿಗಳನ್ನು ನೋಡುವ ಇಲಾಖೆ ಯುಎಸ್‌ಸಿಐಎಸ್ ಅಕ್ಟೋಬರ್ 20ರಂದು ಹೇಳಿದೆ. ಆದರೆ ಒಳಗಿನ ವಿಸ್ತರಣೆಗೆ ಅರ್ಹರಲ್ಲ ಎಂದು ಕಂಡುಬಂದರೆ ಆ ಶುಲ್ಕ ಬೀಳುತ್ತದೆ ಎಂದೂ ಅದೇ ಸೂಚನೆಯಲ್ಲಿದೆ. ಮದುವೆ ಊಟಕ್ಕೆ ಇಷ್ಟು ದೊಡ್ಡ ಜೂಜು ಬೇಡ.

ಇನ್ನು ಕಂಪನಿಯವರು ಏಪ್ರಿಲ್ ಎನ್ನುವುದೇಕೆ? ಬಹುತೇಕ ಕನ್ಸಲ್ಟಿಂಗ್ ಕಂಪನಿಗಳು ಕ್ಲೈಂಟ್ (ನಿಮ್ಮ ವಿಷಯದಲ್ಲಿ ಬ್ಯಾಂಕ್) ಜೊತೆಗಿನ ವರ್ಕ್ ಆರ್ಡರ್ ಮುಂದುವರಿಯುವುದನ್ನು ಕಾಯುತ್ತವೆ, ಇಲ್ಲವೇ ಕ್ಲೈಂಟ್ ಲೆಟರ್ ಸಿಕ್ಕಿರುವುದಿಲ್ಲ. ಈ ಅರ್ಜಿ ನಿಲ್ಲುವುದೋ ಬೀಳುವುದೋ ಆ ಪತ್ರದ ಮೇಲೆ. ಅದಕ್ಕೇ ಪತ್ರದ ಕೆಲಸವನ್ನು ನವೆಂಬರ್‌ನಲ್ಲೇ ಶುರು ಮಾಡಿಸಬೇಕು.

ಪತ್ರ ಬ್ಯಾಂಕಿನ ಲೆಟರ್‌ಹೆಡ್ ಮೇಲಿರಬೇಕು. ನಿಮ್ಮ ಹೆಸರು, ಹುದ್ದೆ, ದಿನನಿತ್ಯ ಮಾಡುವ ಕೆಲಸದ ವಿವರ, ಕೆಲಸದ ಸ್ಥಳ, ಪ್ರಾಜೆಕ್ಟ್ ಎಲ್ಲಿಯವರೆಗೆ, ನಡುವೆ ವೆಂಡರ್, ಅಂದರೆ ಮಧ್ಯವರ್ತಿ ಕಂಪನಿ ಇದ್ದರೆ ಯಾರು, ಉದ್ಯೋಗದಾತ ನಿಮ್ಮ ಕಂಪನಿಯೇ ಎಂಬುದು, ಇವೆಲ್ಲ ಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇನ್ನೊಂದನ್ನು: ಈ ಕೆಲಸಕ್ಕೆ ಯಾವ ವಿಷಯದ ಪದವಿ ಕನಿಷ್ಠ ಬೇಕು ಎಂಬುದನ್ನು ಬ್ಯಾಂಕೇ ಹೇಳಬೇಕು. 2025ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮದಂತೆ, ನಿಮ್ಮನ್ನು ಬ್ಯಾಂಕಿನ ಸಿಬ್ಬಂದಿಯ ನಡುವೆ ಒಂದು ಜಾಗ ತುಂಬಲು ಕಳಿಸಿದ್ದರೆ ನಿಮ್ಮ ಕಂಪನಿ ಕೇಳುವ ಅರ್ಹತೆಗಿಂತ ಬ್ಯಾಂಕ್ ಕೇಳುವ ಅರ್ಹತೆಗೇ ಹೆಚ್ಚು ತೂಕ. "ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ" ಎಂಬ ಎರಡು ಸಾಲಿನ ಪತ್ರಕ್ಕೆ ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೇಳುವ ನೋಟಿಸ್ ಬರುವುದು ಹೆಚ್ಚುಕಡಿಮೆ ಖಾತ್ರಿ.

ದೊಡ್ಡ ಬ್ಯಾಂಕುಗಳ ಕಾನೂನು ವಿಭಾಗ ಪತ್ರ ಕೊಡದೆ ಸತಾಯಿಸುವುದುಂಟು. ಆಗ ಬ್ಯಾಂಕು, ವೆಂಡರ್, ಕಂಪನಿ ಈ ಸರಪಳಿಯ ಪ್ರತಿ ಕೊಂಡಿಗೂ ಒಪ್ಪಂದದ ಪ್ರತಿ, ನಿಮ್ಮ ಹೆಸರಿರುವ ವರ್ಕ್ ಆರ್ಡರ್, ಬ್ಯಾಂಕಿನ ಮ್ಯಾನೇಜರ್ ಒಪ್ಪಿಗೆ ಕೊಟ್ಟ ಟೈಮ್‌ಶೀಟ್, ಕೆಲಸದ ಇಮೇಲ್, ವೆಂಡರ್ ಪತ್ರ ಸೇರಿಸುತ್ತಾರೆ. ಒಂದು ಕೊಂಡಿ ತಪ್ಪಿದರೂ ಪ್ರಶ್ನೆ ಬರುತ್ತದೆ.

ಉಳಿದ ಕಾಗದ ಕಂಪನಿಯ ಜವಾಬ್ದಾರಿ. ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ, ಅಂದರೆ ಸಂಬಳ, ಕೆಲಸದ ಸ್ಥಳ ನಮೂದಿಸಿದ ದೃಢೀಕೃತ ಪತ್ರ. ಅದಕ್ಕೆ ಏಳು ಕೆಲಸದ ದಿನ. ಆಮೇಲೆ ವಿಸ್ತರಣೆಯ ಐ-129 ಅರ್ಜಿ. ನಿಮ್ಮಿಂದ ಕೇಳುವುದು ಪಾಸ್‌ಪೋರ್ಟ್, ಐ-94, ಹಳೆಯ ಐ-797, ಪದವಿ ಪತ್ರ, ಇತ್ತೀಚಿನ ಪೇಸ್ಲಿಪ್, ವರ್ಷದ ಸಂಬಳ-ತೆರಿಗೆಯ ಲೆಕ್ಕಪತ್ರ ಡಬ್ಲ್ಯು-2. ಇಲ್ಲಿ ಎರಡು ಕಡೆ ಎಡವುತ್ತಾರೆ. ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂಡಿಸಿ ಸಂಬಳ ನಿಲ್ಲಿಸಿದ ತಿಂಗಳುಗಳು ಪೇಸ್ಲಿಪ್‌ನಲ್ಲಿ ಎದ್ದು ಕಾಣುತ್ತವೆ. ಬೆಂಚ್ ಮೇಲಿದ್ದರೂ ಸಂಬಳ ಕೊಡುವುದು ಕಂಪನಿಯ ಕಾನೂನುಬದ್ಧ ಹೊಣೆ, ಅದು ನಿಮ್ಮ ಹಕ್ಕು. ಎರಡನೆಯದು, ಎಲ್‌ಸಿಎಯಲ್ಲಿ ಡಲ್ಲಾಸ್ ಇದ್ದು, ನೀವು ವರ್ಕ್ ಫ್ರಂ ಹೋಮ್ ಎಂದು ಹ್ಯೂಸ್ಟನ್‌ನ ಮನೆಯಿಂದ ಕೆಲಸ ಮಾಡುತ್ತಿರುವುದು. ಮಹಾನಗರ ವಲಯ ಬದಲಾದರೆ ತಿದ್ದುಪಡಿ ಅರ್ಜಿ ಹಾಕಬೇಕು ಎಂದು 2015ರ ಸಿಮಿಯೊ ಪ್ರಕರಣದಿಂದಲೇ ಇತ್ಯರ್ಥವಾಗಿದೆ. ಅಧಿಕಾರಿಗಳು ಕ್ಲೈಂಟ್ ಕಚೇರಿಗೂ ಭೇಟಿ ಕೊಡುತ್ತಾರೆ.

ಮೊದಲ ಮಂಜೂರಾತಿಗೆ ಮನ್ನಣೆ ಕೊಡಬೇಕೆಂಬ ನಿಯಮವಿದೆ, ನಿಜ. ಅದೇ ಕಂಪನಿ, ಅದೇ ಸಂಗತಿಗಳಾದರೆ ಮಾತ್ರ. ಮೂರು ವರ್ಷದಲ್ಲಿ ಕ್ಲೈಂಟ್ ಬದಲಾಗಿದ್ದರೆ ಅದನ್ನು ಬಹಳ ನಂಬಬೇಡಿ. ನಮ್ಮ ಕಡೆಯ ಕಾಲೇಜುಗಳಿಂದ ಮೆಕ್ಯಾನಿಕಲ್, ಸಿವಿಲ್ ಓದಿ ಸಾಫ್ಟ್‌ವೇರ್ ಸೇರಿದವರು ಬಹಳ. ಅಂಥವರು ಪದವಿಗೂ ಕೆಲಸಕ್ಕೂ ನೇರ ಸಂಬಂಧ ತೋರಿಸುವ ತಜ್ಞರ ಅಭಿಪ್ರಾಯ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಮೂರು ವರ್ಷದ ಬಿಸಿಎ ಮಾತ್ರ ಆದವರಿಗೆ ಒಂದು ವರ್ಷದ ಓದಿನ ಕೊರತೆಗೆ ಮೂರು ವರ್ಷದ ಅನುಭವ ಲೆಕ್ಕ ಹಿಡಿಯುತ್ತಾರೆ.

ಪ್ರೀಮಿಯಂನಲ್ಲಿ, ಅಂದರೆ ಹೆಚ್ಚುವರಿ ಶುಲ್ಕ ಕಟ್ಟಿ ಬೇಗ ಉತ್ತರ ಪಡೆಯುವ ವ್ಯವಸ್ಥೆಯಲ್ಲಿ ಹಾಕಿದರೆ 15 ಕೆಲಸದ ದಿನದೊಳಗೆ ಮಂಜೂರಾತಿ, ತಿರಸ್ಕಾರ ಅಥವಾ ಆರ್‌ಎಫ್‌ಇ ಏನಾದರೊಂದು ಬರುತ್ತದೆ. ಆರ್‌ಎಫ್‌ಇ ಬಂದರೆ ನೀವು ಉತ್ತರ ಕೊಟ್ಟ ಮೇಲೆ ಎಣಿಕೆ ಹೊಸದಾಗಿ ಶುರು. ಉತ್ತರಕ್ಕೆ ಗರಿಷ್ಠ 84 ದಿನ ಸಿಗಬಹುದು. ಏಪ್ರಿಲ್‌ನಲ್ಲಿ ಹಾಕಿದರೆ ಮೇ ಕೈತಪ್ಪುವುದು ಹೀಗೆ. ಅರ್ಜಿಯ ಖರ್ಚು ಕಂಪನಿಯದ್ದೇ. ತರಬೇತಿ ನಿಧಿಗೆ ಹೋಗುವ ಶುಲ್ಕವನ್ನಂತೂ ಯಾವ ಹೆಸರಿನಲ್ಲೂ ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ಆದರೆ ಮದುವೆಗೆ ಹೋಗಲೆಂದು ಪ್ರೀಮಿಯಂ ಕೇಳುವವರು ನೀವಾದರೆ ಅದನ್ನು ನೀವೇ ಕಟ್ಟುವುದು ರೂಢಿ. ಈ ಸಂದರ್ಭದಲ್ಲಿ ಕಟ್ಟುವುದೇ ಜಾಣತನ.

ಪ್ರಯಾಣ ಬಿಟ್ಟು ಅಲ್ಲೇ ಉಳಿದರೆ ಅವಸರವಿಲ್ಲ. ಜೂನ್ 30ರೊಳಗೆ ಅರ್ಜಿ ತಲುಪಿದ್ದರೆ, ಉತ್ತರ ಬರದಿದ್ದರೂ ಅದೇ ಕಂಪನಿಯಲ್ಲಿ 240 ದಿನ ಕೆಲಸ ಮುಂದುವರಿಸಬಹುದು. ತಿರಸ್ಕಾರ ಬಂದರೆ ಅದೇ ದಿನ ಕೆಲಸ ನಿಲ್ಲಿಸಬೇಕು.

ಪತ್ನಿ ಜೊತೆಗಿದ್ದರೆ ಅವರ ಎಚ್‌-4 (ಅವಲಂಬಿತರ ವೀಸಾ) ನಿಮ್ಮ ಅರ್ಜಿಯೊಂದಿಗೆ ತಾನಾಗಿ ವಿಸ್ತರಣೆಯಾಗುವುದಿಲ್ಲ. ಅದಕ್ಕೆ ಐ-539 ಅರ್ಜಿ ಬೇರೆ ಹಾಕಬೇಕು. ಅವರಿಗೆ ಕೆಲಸದ ಪರವಾನಗಿ ಇದ್ದರೆ, 2025ರ ಅಕ್ಟೋಬರ್ 30ರಿಂದ ಹಾಕುವ ನವೀಕರಣಕ್ಕೆ ತಾನಾಗಿ ಸಿಗುತ್ತಿದ್ದ ಹೆಚ್ಚುವರಿ ಅವಧಿ ಇಲ್ಲ. ಅದನ್ನೂ ಬೇಗ ಹಾಕಿಸಿ.

ಟಿಕೆಟ್ ತೆಗೆಯುವ ಮೊದಲು ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿ. ಐ-797 ಮೂರು ವರ್ಷಕ್ಕಿದ್ದರೂ ಪಾಸ್‌ಪೋರ್ಟ್ ಒಂದೇ ವರ್ಷ ಉಳಿದಿದ್ದರೆ ಗಡಿಯಲ್ಲಿ ಐ-94ನ್ನು ಪಾಸ್‌ಪೋರ್ಟಿನ ದಿನಕ್ಕೇ ಕತ್ತರಿಸಿ ಕೊಡುತ್ತಾರೆ. ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಸ್ಟಾಂಪ್ ಇರುವ ಹಳೆಯದನ್ನೂ ಜೊತೆಗೆ ಒಯ್ಯಿರಿ. ಡಲ್ಲಾಸ್ ತಲುಪಿದ ವಾರದೊಳಗೆ ಗಡಿ ಇಲಾಖೆಯ ಜಾಲತಾಣದಿಂದ ಐ-94 ಇಳಿಸಿಕೊಂಡು, ದಿನಾಂಕ ಐ-797ಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ವಿಮಾನ ನಿಲ್ದಾಣದ ತಿದ್ದುಪಡಿ ಕಚೇರಿಯನ್ನು ಆಗಲೇ ಸಂಪರ್ಕಿಸಿ.