ನಾಲಿಗೆಯ ಬ್ಯಾಕ್ಟೀರಿಯಾಗಳು: ನೆಲೆ ಮತ್ತು ಕೆಲಸ

ಬೆಳಿಗ್ಗೆ ಎದ್ದು ನಾಲಿಗೆ ಚಾಚಿದಾಗ ಕಾಣುವ ಬಿಳಿಯ ಲೇಪವನ್ನು ನಾವು ಕೊಳೆಯೆಂದೇ ತಿಳಿದು ಹೆರೆದು ತೆಗೆಯುತ್ತೇವೆ. ನಾಲಿಗೆಯಿಂದ ಕಳಚಿದ ನಮ್ಮದೇ ಜೀವಕೋಶಗಳೂ ಅವುಗಳನ್ನು ಕವಿದು ಬೆಳೆದ ಬ್ಯಾಕ್ಟೀರಿಯಾಗಳೂ ಆ ಲೇಪದಲ್ಲಿರುತ್ತವೆ. ಜೊಲ್ಲು ಸದಾ ಹರಿಯುವ ಈ ಜಾಗದಲ್ಲಿ ಬಿಗಿಯಾಗಿ ಅಂಟಿಕೊಳ್ಳದ ಸೂಕ್ಷ್ಮಜೀವಿ ಗುಟುಕಿನೊಡನೆ ಹೊಟ್ಟೆ ಸೇರುತ್ತದೆ. ನಾಲಿಗೆಯನ್ನು ಒರಟಾಗಿಸಿರುವ ಸಣ್ಣ ಮೊನೆಗಳ ಸಂದುಗಳೇ ಉಳಿದವುಗಳಿಗೆ ಆಸರೆ.

ಹೆರೆದ ಲೇಪವನ್ನು ಕಲಕಿ ಅದರ ಡಿಎನ್‌ಎ ಓದಿದರೆ ಯಾವ ಬ್ಯಾಕ್ಟೀರಿಯಾಗಳಿವೆ ಎಂಬುದು ಗೊತ್ತಾಗುತ್ತದೆಯೇ ಹೊರತು ಯಾವುದು ಎಲ್ಲಿತ್ತು ಎಂಬುದು ಅಳಿಸಿಹೋಗುತ್ತದೆ. ಅಮೆರಿಕದ ವುಡ್ಸ್ ಹೋಲ್‌ನ ಮರೈನ್ ಬಯಲಾಜಿಕಲ್ ಲ್ಯಾಬೊರೇಟರಿ ಮತ್ತು ಫೋರ್ಸಿತ್ ಇನ್‌ಸ್ಟಿಟ್ಯೂಟ್‌ಗಳ ವಿಜ್ಞಾನಿಗಳು 21 ಮಂದಿ ಆರೋಗ್ಯವಂತರ ನಾಲಿಗೆಯ ಲೇಪವನ್ನು ಕಲಕದೆ, ಬ್ಯಾಕ್ಟೀರಿಯಾಗಳ ಒಂದೊಂದು ಕುಲಕ್ಕೂ ಬೇರೆ ಬೇರೆ ಹೊಳೆಯುವ ಬಣ್ಣದ ಗುರುತು ಹಚ್ಚಿ ನೋಡಿ, ತಾವು ಕಂಡದ್ದನ್ನು 2020ರಲ್ಲಿ ಪ್ರಕಟಿಸಿದರು. ನಡುವೆ ಮನುಷ್ಯನ ಜೀವಕೋಶಗಳ ತಿರುಳು, ಅದಕ್ಕೆ ಹತ್ತಿರವಾಗಿ ಆಕ್ಟಿನೋಮೈಸಿಸ್, ಅಲ್ಲಲ್ಲಿ ದೊಡ್ಡ ತೇಪೆಗಳಂತೆ ರೋಥಿಯಾ, ಹೊರಅಂಚಿನಲ್ಲಿ ತೆಳು ಸಿಪ್ಪೆಯಂತೆ ಸ್ಟ್ರೆಪ್ಟೊಕಾಕಸ್ ಇದ್ದವು. ನನ್ನನ್ನು ಬೆರಗುಗೊಳಿಸುವುದು ಈ ಜೋಡಣೆಯೇ: ಒಂದು ಕುಲದ ಕೆಲವು ಕೋಶಗಳು ನೆಲೆನಿಂತು ಬೆಳೆಯುತ್ತ ಹೋದದ್ದರಿಂದ ಇಂಥ ತೇಪೆಗಳು ಮೂಡಿರಬೇಕೆಂದು ಅವರು ಊಹಿಸಿದರು.

ಈ ಲೇಪದ ಆಳದಲ್ಲಿ, ಆಮ್ಲಜನಕ ಕಡಿಮೆಯಿರುವಲ್ಲಿ, ಕೆಲವು ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುವುದರಿಂದ ಬಾಯಿ ವಾಸನೆ ಬರುತ್ತದೆ ಎಂಬುದು ನಿಜ. ಆದರೆ ಇದೇ ಲೇಪದಲ್ಲಿ ನಮ್ಮ ಜೀವಕೋಶಗಳಿಗೆ ಹೆಚ್ಚುಕಡಿಮೆ ಅಸಾಧ್ಯವಾದ ಕೆಲಸವೊಂದು ನಡೆಯುತ್ತದೆ. ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟ್ ಎಂಬ ಸಾರಜನಕದ ಲವಣ ರಕ್ತಕ್ಕೆ ಸೇರಿದ ಮೇಲೆ ಅದರ ಸುಮಾರು ಕಾಲುಭಾಗವನ್ನು ಜೊಲ್ಲಿನ ಗ್ರಂಥಿಗಳು ಹೀರಿ ಮತ್ತೆ ಬಾಯಿಗೆ ತರುತ್ತವೆ; ಅಲ್ಲಿ ರೋಥಿಯಾ, ವೀಲೊನೆಲ್ಲಾ, ನೈಸೀರಿಯಾ ಮೊದಲಾದವು ಅದನ್ನು ನೈಟ್ರೈಟ್ ಮಾಡುತ್ತವೆ. ನುಂಗಿದ ನೈಟ್ರೈಟ್ ಮುಂದೆ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳಗಳನ್ನು ಸಡಿಲಿಸುತ್ತದೆ, ಅದರಿಂದ ರಕ್ತದೊತ್ತಡ ತಗ್ಗುತ್ತದೆ.

ಹೆರೆದರೆ ಲೇಪ ತೆಳುವಾಗುತ್ತದೆ, ಮತ್ತೆ ಬೆಳೆಯುತ್ತದೆ. ಹಾಗಾಗಿ ಹೆರೆಯುವುದನ್ನು ನಿಲ್ಲಿಸಬೇಕಿಲ್ಲ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ನಂಜುನಿರೋಧಕ ಮೌತ್‌ವಾಶ್‌ನ ವಿಷಯ ಬೇರೆ. ದಂತವೈದ್ಯರು ಒಸಡಿನ ರೋಗಕ್ಕೆಂದು ಬರೆದುಕೊಟ್ಟಾಗ ಅದು ಬೇಕು, ಆದರೆ ಕಾರಣವಿಲ್ಲದ ದಿನನಿತ್ಯದ ಬಳಕೆಯನ್ನು ನಾನು ಒಪ್ಪಲಾರೆ. 19 ಮಂದಿ ಆರೋಗ್ಯವಂತರು 7 ದಿನ ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ಬೆರೆತ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರ ಬಾಯಿಯಲ್ಲಿ ನೈಟ್ರೈಟ್ ಉತ್ಪಾದನೆ ಶೇ. 90ರಷ್ಟು ಕುಸಿದು, ರಕ್ತದೊತ್ತಡ 2ರಿಂದ 3.5 ಮಿಲಿಮೀಟರ್ ಪಾದರಸದಷ್ಟು ಏರಿತ್ತು. ಆ ಏರಿಕೆ ಮೊದಲ ದಿನದೊಳಗೇ ಕಾಣಿಸಿಕೊಂಡಿತ್ತು.